ಬಿಸ್ಕತ್ತಿನ ತಳ

ಆ ತಾಯಿ ಬೇಕರಿಯ ಹಿಂಬಾಗಿಲಿಗೆ ಬಂದದ್ದು ಬೆಳಿಗ್ಗೆಯೋ ಮಧ್ಯಾಹ್ನವೋ ನನಗೆ ಖಾತ್ರಿಯಿಲ್ಲ. ರಸ್ಕಿನ ಎರಡನೇ ಸುತ್ತು ಭಟ್ಟಿಯೊಳಗಿತ್ತು ಎಂಬ ನೆನಪಿದೆ, ಹಾಗಾದರೆ ಹನ್ನೊಂದರ ಸುಮಾರು ಇರಬೇಕು. ಆದರೆ ಈ ಪ್ರಸಂಗದ ಬಗ್ಗೆ ನನ್ನ ನೆನಪು ಹೇಳುವುದನ್ನೆಲ್ಲ ನಂಬಬಾರದೆಂದು ಆಮೇಲೆ ಕಲಿತೆ. ಆದ್ದರಿಂದ ಆಗ ನಾನು ಬರೆದಿಡುತ್ತಿದ್ದ ನೋಟ್‌ಬುಕ್ಕಿನ ಆಧಾರ ಎಲ್ಲಿದೆಯೋ ಅಲ್ಲಿ ಅದನ್ನು ಹಿಡಿದು ಬರೆಯುತ್ತೇನೆ. ಉಳಿದ ಕಡೆ ಓದುವವರು ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು.

ತೊಂಬತ್ತರ ದಶಕದ ಮೊದಲ ವರ್ಷಗಳು. ಶಿಡ್ಲಘಟ್ಟದ ಒಂದು ಬೇಕರಿಯಲ್ಲಿ ತಯಾರಿಕೆಯ ಉಸ್ತುವಾರಿ ನನ್ನದಾಗಿತ್ತು. ಮಾಲೀಕರು ರೇಷ್ಮೆ ವ್ಯಾಪಾರದ ಮನೆಯವರು. ಬಿಸ್ಕತ್ತನ್ನು ಪೊಟ್ಟಣ ಮಾಡಿ ಚಿಂತಾಮಣಿ, ಚಿಕ್ಕಬಳ್ಳಾಪುರದ ಅಂಗಡಿಗಳಿಗೆ ಕಳಿಸುವ ಆಸೆಯಿಂದ, ಆಹಾರ ವಿಜ್ಞಾನ ಓದಿದವನೊಬ್ಬ ಇರಲಿ ಎಂದು ನನ್ನನ್ನು ಇಟ್ಟುಕೊಂಡಿದ್ದರು. ಭಟ್ಟಿಯ ಮುಂದೆ ನಿಲ್ಲುತ್ತಿದ್ದವರು ಐವತ್ತು ದಾಟಿದ ಮೇಸ್ತ್ರಿ. ಅಂಗೈಯನ್ನು ಭಟ್ಟಿಯ ಬಾಯಿಗೆ ಒಡ್ಡಿ ಮನಸ್ಸಿನಲ್ಲೇ ಎಣಿಸಿ ಶಾಖ ಹೇಳುತ್ತಿದ್ದರು. ನಾನು ಥರ್ಮಾಮೀಟರ್ ತಂದಿದ್ದೆ. ಹೆಚ್ಚಿನ ದಿನಗಳಲ್ಲಿ ಅವರ ಎಣಿಕೆಯೂ ನನ್ನ ಪಾದರಸವೂ ಒಂದೇ ಮಾತು ಹೇಳುತ್ತಿದ್ದವು, ಅದು ನನಗೆ ಅಷ್ಟು ಇಷ್ಟವಾಗುತ್ತಿರಲಿಲ್ಲ. ಅವರು ನನ್ನನ್ನು "ಎಮ್ಮೆಸ್ಸಿ ಸಾರ್" ಎಂದು ಕರೆಯುತ್ತಿದ್ದರು. ಅದರಲ್ಲಿ ಮರ್ಯಾದೆ ಎಷ್ಟು, ಕೀಟಲೆ ಎಷ್ಟು ಎಂದು ಅಳೆಯಲು ನನ್ನಲ್ಲಿ ಉಪಕರಣವಿರಲಿಲ್ಲ.

ಬಂದ ತಾಯಿ ಉರ್ದು ಶಾಲೆಯ ಟೀಚರು. ಜೊತೆಯಲ್ಲಿ ಆರು ವರ್ಷದ ಮಗಳು. ಮಗುವಿನ ತಂದೆ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದರು. ಒಂದು ವಾರದಲ್ಲಿ ತಾಯಿ ಮಗಳಿಬ್ಬರೂ ಬೆಂಗಳೂರಿನಿಂದ ಬೊಂಬಾಯಿಗೆ, ಅಲ್ಲಿಂದ ಮಸ್ಕತ್‌ಗೆ ಮೊದಲ ಸಲ ವಿಮಾನ ಹತ್ತುವವರಿದ್ದರು.

"ಸಾರ್, ಇವ್ಳಿಗೆ ಕಡ್ಲೆಕಾಯಿ ಆಗಲ್ಲ," ಎಂದರು. "ಬೀಜ, ಎಣ್ಣೆ, ಚಟ್ನಿಪುಡಿ, ಯಾವ್ದೂ ಆಗಲ್ಲ. ಬಾಯಿಗೆ ಹೋದ್ರೆ ಮೈಯೆಲ್ಲಾ ಗಂಧೆ ಏಳುತ್ತೆ, ತುಟಿ ಊದುತ್ತೆ, ಉಸಿರು ಹಿಡ್ಕಳುತ್ತೆ. ಪ್ಲೇನಲ್ಲಿ ಹುರಿದಿರೋ ಕಡ್ಲೆಬೀಜಾನೇ ಹಂಚ್ತಾರಂತೆ. ಮನೆಯಿಂದ ಊರು ಸೇರೋವರೆಗೂ ಒಂದು ದಿನಾನೇ ಆಗುತ್ತೆ. ಅಷ್ಟೊತ್ತು ಇವ್ಳು ತಿನ್ನೋಕೆ ಏನಾದ್ರೂ ಮಾಡಿಕೊಡಿ."

"ಮನೇಲೇ ಮಾಡ್ಕೊಂಡು ಹೋಗಬಹುದಲ್ಲಮ್ಮ?"

"ಡಬ್ಬಿ ತಗೊಂಡ್ಹೋದ್ರೆ ಬಿಚ್ಚಿ ಕೈ ಹಾಕಿ ನೋಡ್ತಾರೆ, ಬಿಸಾಕಿದ್ರೂ ಬಿಸಾಕ್ತಾರೆ ಅಂದ್ರು ಟಿಕೆಟ್ ಮಾಡಿಸಿದೋರು. ಸೀಲ್ ಹಾಕಿರೋ ಬೇಕರಿ ಪ್ಯಾಕೆಟ್ ಆದ್ರೆ ಬಿಡ್ತಾರಂತೆ."

ನಾನು ಆ ಹೆಂಗಸನ್ನು ಮೌಖಿಕ ಪರೀಕ್ಷೆಗೆ ಕೂತ ವಿದ್ಯಾರ್ಥಿಯಂತೆ ಪ್ರಶ್ನಿಸಿದೆ. ತಿಂದ ಎಷ್ಟು ನಿಮಿಷಕ್ಕೆ? ಎಷ್ಟು ಕಾಳು? ಅದೇ ದಿನ ಬೇರೇನು ತಿಂದಿತ್ತು? ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದ್ದಾರೆಯೇ? ಬೆಂಗಳೂರಿನ ಡಾಕ್ಟರು "ಕೊಡಬೇಡಿ" ಎಂದು ಚೀಟಿಯಲ್ಲಿ ಬರೆದದ್ದು ಬಿಟ್ಟರೆ ಅವರ ಹತ್ತಿರ ಕಾಗದವಿರಲಿಲ್ಲ. ನಿಮಿಷದ ಲೆಕ್ಕ ಒಂದು ಸಲ ಹತ್ತು, ಇನ್ನೊಂದು ಸಲ "ಅಷ್ಟೊತ್ತಿಗೇ" ಎಂದರು. ನಾನು ಒಳಗೊಳಗೇ ಗೆದ್ದೆ ಅಂದುಕೊಂಡೆ.

"ನೀವು ನೋಡಿಲ್ಲ ಸಾರ್. ನಾನು ನೋಡಿದೀನಿ," ಎಂದಷ್ಟೇ ಹೇಳಿದರು.

ನನ್ನ ಅನುಮಾನಕ್ಕೆ ಓದು ಒಂದೇ ಕಾರಣವಲ್ಲ. ನಮ್ಮದು ವಿದುರಾಶ್ವತ್ಥದ ಕಡೆಯ ಹಳ್ಳಿ. ಕಡ್ಲೆಕಾಯಿ ಕೀಳುವ ಕಾಲದಲ್ಲಿ ನಾವು ಮಕ್ಕಳು ಹಸಿಕಾಯಿಯನ್ನೇ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೆವು. ಮನೆಯಲ್ಲಿ ಎಣ್ಣೆ ಅಂದರೆ ಕಡ್ಲೆಕಾಯಿ ಎಣ್ಣೆ, ಬೇರೆ ಎಣ್ಣೆಗಾದರೆ ಮಾತ್ರ ಹೆಸರು ಹೇಳಬೇಕಿತ್ತು. ನಮ್ಮ ಹೊಲದ ಬೆಳೆ ಒಂದು ಮಗುವಿನ ಉಸಿರು ಕಟ್ಟಿಸುತ್ತದೆ ಅಂದರೆ, ಯಾರೋ ನಮ್ಮ ಮನೆಯವರ ಮೇಲೆ ಪೊಲೀಸರಿಗೆ ದೂರು ಕೊಟ್ಟ ಹಾಗೆ ಅನ್ನಿಸಿತು. ಪುಸ್ತಕದಲ್ಲಿ ಇಂಥ ಮಕ್ಕಳ ಬಗ್ಗೆ ಅರ್ಧ ಪುಟ ಓದಿದ್ದೆ. ಅವರು ಬೇರೆ ದೇಶಗಳಲ್ಲಿರುತ್ತಾರೆ ಅಂದುಕೊಂಡಿದ್ದೆ.

ಆದರೂ ಒಪ್ಪಿಕೊಂಡೆ. ಮಾಲೀಕರಿಗೆ ಆಕೆ ದೂರದ ಸಂಬಂಧಿ ಎಂಬುದು ಒಂದು ಕಾರಣ. ಸಮಸ್ಯೆ ಚೆನ್ನಾಗಿದೆ ಅನ್ನಿಸಿದ್ದು ಇನ್ನೊಂದು.

ಮೊದಲು ನಾನು ಸೂಚಿಸಿದ್ದು ಪುರಿ, ಅಂದರೆ ಮಂಡಕ್ಕಿ. ಎಣ್ಣೆ ಸೋಕದ, ಕೆಡದ, ಹಗುರವಾದ ತಿಂಡಿ. ಆಕೆ ತಲೆಯಾಡಿಸಿದರು. "ಪುರಿ ಭಟ್ಟೀಲಿ ಒಂದೇ ಮರಳು ಸಾರ್. ಅದ್ರಲ್ಲೇ ಕಡ್ಲೆಕಾಯೂ ಹುರೀತಾರೆ." ಅದು ನನಗೆ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಲ್ಲ.

ಕೊನೆಗೆ ರಾಗಿ ಬಿಸ್ಕತ್ತು ಎಂದು ತೀರ್ಮಾನವಾಯಿತು. ಬೇಕರಿಯ ವನಸ್ಪತಿ ಡಬ್ಬದ ಮೇಲೆ ಯಾವ ಎಣ್ಣೆಯಿಂದ ಮಾಡಿದ್ದು ಎಂದು ಬರೆದಿರಲಿಲ್ಲ. ಅದನ್ನು ಬಿಟ್ಟು, ನಂದಿಯ ಕಡೆಯಿಂದ ಬೆಣ್ಣೆ ತರಿಸಿ ಬೇರೆ ಪಾತ್ರೆಯಲ್ಲಿ ನಾನೇ ತುಪ್ಪ ಕಾಯಿಸಿದೆ. ಹೊಸ ಜರಡಿ ಕೊಂಡೆ. ರಾಗಿಯನ್ನು ತೊಳೆದು, ಒಣಗಿಸಿ, ಗಿರಣಿಯಲ್ಲಿ ಮೊದಲು ಎರಡು ಸೇರು ಅಕ್ಕಿ ಬೀಸಿಸಿ ಚೆಲ್ಲಿ, ಆಮೇಲೆ ಬೀಸಿಸಿದೆ. ಮೊದಲ ಸಲ ಪೂರ್ತಿ ರಾಗಿಯಲ್ಲಿ ಮಾಡಿದ್ದು ಬಾಯಿಗಿಡುವ ಮೊದಲೇ ಪುಡಿಯಾಯಿತು. ಮೇಸ್ತ್ರಿ ಒಂದು ಚೂರನ್ನು ಅಂಗೈಯಲ್ಲಿ ಹಿಡಿದು ಊದಿ, "ಎಮ್ಮೆಸ್ಸಿ ಸಾರ್, ಇದು ಬಿಸ್ಕತ್ತಲ್ಲ, ವಿಭೂತಿ. ಪ್ಲೇನ್ ಅಲ್ಲಾಡಿದ್ರೆ ಎಲ್ಲಾರ ಮೈಮೇಲೂ ಬೀಳುತ್ತೆ," ಎಂದರು. ಎರಡನೇ ಸಲ ಮೂರನೇ ಒಂದು ಪಾಲು ಮೈದಾ ಸೇರಿಸಿದೆ. ಬೆಲ್ಲ ಹಾಕಿದ್ದರಿಂದ ಮರುದಿನಕ್ಕೆ ಬೆವೆತು ಮೆತ್ತಗಾಯಿತು. ಮೂರನೇ ಸಲ ಸಕ್ಕರೆ ಪುಡಿ, ಸ್ವಲ್ಪ ಹಾಲು, ಮಂದ ಶಾಖದಲ್ಲಿ ಎರಡು ಸಲ ಬೇಯಿಸಿದ್ದು. ಗಟ್ಟಿಯಾಗಿ ನಿಂತಿತು, ಮುರಿದರೆ ಪುಡಿ ಉದುರಲಿಲ್ಲ. ಇದು ಪ್ರಯಾಣಕ್ಕೆ ಎರಡು ದಿನ ಮೊದಲು.

ಈ ಮೂರನೇ ಸಲದ ಬಗ್ಗೆ ನನ್ನ ನೆನಪಿನಲ್ಲಿದ್ದದ್ದು ಹೀಗೆ: ಟ್ರೇಗಳು ತಯಾರಾಗುವ ಹೊತ್ತಿಗೆ ನಾನು ತಕ್ಕಡಿಯ ಮುಂದೆ ಬೆನ್ನು ತಿರುಗಿಸಿ ನಿಂತು ಸಕ್ಕರೆ ತೂಗುತ್ತಿದ್ದೇನೆ. ತಿರುಗಿ ನೋಡಿದಾಗ ಟ್ರೇಗಳಲ್ಲಿ ಬಿಸ್ಕತ್ತು ಆಗಲೇ ಜೋಡಿಸಿಟ್ಟಿದೆ.

ಅದೇ ದಿನ ತಾಯಿ ಮಗಳು ಬಂದರು. ಬಿಸ್ಕತ್ತು ಆರಿತ್ತು. ಪೊಟ್ಟಣಕ್ಕೆ ಹಾಕಿ ಕೊಡುತ್ತೇನೆ, ಪ್ರಯಾಣದಲ್ಲಿ ತಿನ್ನಿಸಿ ಎಂದೆ. ಆಕೆ ಒಪ್ಪಲಿಲ್ಲ. ಒಂದು ಬಿಸ್ಕತ್ತು ತೆಗೆದುಕೊಂಡು ಮಗುಚಿ, ತಳವನ್ನು ಚಮಚದ ಅಂಚಿನಿಂದ ಕೆರೆದರು. ಆ ಪುಡಿಗೆ ಒಂದು ಹನಿ ನೀರು ಹಾಕಿ ಮಗುವಿನ ಮಣಿಕಟ್ಟಿನ ಒಳಬದಿಗೆ ಹಚ್ಚಿ, ಬೆಂಚಿನ ಮೇಲೆ ಕೂರಿಸಿಕೊಂಡರು.

"ತಳ ಯಾಕೆ ಕೆರೆದ್ರಿ?" ಎಂದೆ.

"ಮೇಲ್ಗಡೇದು ಎಲ್ಲಾರೂ ನೋಡ್ತಾರೆ ಸಾರ್. ಪಾತ್ರೆಗೆ ತಾಗೋದು ತಳ ಅಲ್ವಾ."

"ಎಷ್ಟೊತ್ತು ಕಾಯ್ತೀರಿ?"

"ಅರ್ಧ ಗಂಟೆ. ಏನೂ ಆಗ್ಲಿಲ್ಲ ಅಂದ್ರೆ ತುಟಿ ಒಳಗೆ. ಮತ್ತೆ ಅರ್ಧ ಗಂಟೆ. ಆಮೇಲೆ ಒಂದು ಚೂರು. ಹೊಸಾದು ಏನೇ ಬಂದ್ರೂ ಹಿಂಗೇ."

ನನಗೆ ನಗು ಬಂತು, ತಡೆದುಕೊಂಡೆ. ಮಗು ಕಾಲು ಆಡಿಸುತ್ತ ಕೂತಿತ್ತು. ಮೇಸ್ತ್ರಿಯ ಕಡೆ ನೋಡಿ, "ಚಾಚಾ, ನಿಮ್ಮ ಗಡ್ಡದಲ್ಲಿ ಮೈದಾ," ಎಂದಿತು. "ಅದು ಮೈದಾ ಅಲ್ಲ ಬೇಟಾ, ವಯಸ್ಸು," ಎಂದರು ಮೇಸ್ತ್ರಿ. ಕಾಲು ಗಂಟೆ ಆಗಿತ್ತೋ ಇಲ್ಲವೋ, ಮಗು ಮಣಿಕಟ್ಟನ್ನು ಲಂಗಕ್ಕೆ ಉಜ್ಜಿಕೊಂಡಿತು.

"ಅಮ್ಮೀ, ನವೆ."

ಆಕೆ ಕೈ ತಿರುಗಿಸಿ ತೋರಿಸಿದರು. ಪುಡಿ ಹಚ್ಚಿದ ಕಡೆ ಚರ್ಮ ಕೆಂಪಾಗಿ, ಮಧ್ಯೆ ಬಿಳಿಚಿ ಉಬ್ಬಿತ್ತು. ನಾನು ನೋಡುತ್ತಿದ್ದ ಹಾಗೇ ಅದರ ಪಕ್ಕದಲ್ಲಿ ಇನ್ನೊಂದು ಎದ್ದಿತು. ಆಕೆ ಗಡಿಬಿಡಿ ಮಾಡಲಿಲ್ಲ. ನೀರು ಕೇಳಿ ತೊಳೆದರು, ಚೀಲದಿಂದ ಸೀಸೆ ತೆಗೆದು ಒಂದು ಮುಚ್ಚಳ ಔಷಧಿ ಕುಡಿಸಿದರು, ಮಗುವಿನ ಬೆನ್ನಿಗೆ ಕಿವಿಯಿಟ್ಟು ಉಸಿರು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇದ್ರಲ್ಲಿ ಏನು ಹಾಕಿದೀರಿ?"

ನಾನು ನೋಟ್‌ಬುಕ್ಕಿನ ಪಟ್ಟಿಯನ್ನು ಬಾಯಿಪಾಠದಂತೆ ಒಪ್ಪಿಸಿದೆ. ರಾಗಿ, ಮೈದಾ, ಸಕ್ಕರೆ, ತುಪ್ಪ, ಹಾಲು. ಆಕೆಯ ಕಣ್ಣು ನನ್ನನ್ನು ದಾಟಿ ಗೋಡೆಗೆ ಒರಗಿಸಿಟ್ಟಿದ್ದ ಟ್ರೇಗಳ ಮೇಲೆ, ಅವುಗಳ ಪಕ್ಕದ ಮೊಳೆಗೆ ನೇತುಹಾಕಿದ್ದ ಬಟ್ಟೆಯ ಮೇಲೆ ನಿಂತಿತು. ಯಾವ ಬೇಕರಿಯಲ್ಲೂ ಇರುವ ಬಟ್ಟೆ ಅದು. ಎಣ್ಣೆಯಲ್ಲಿ ಅದ್ದಿ ಟ್ರೇ ಒರೆಸಿದರೆ ಬಿಸ್ಕತ್ತು ತಳ ಹಿಡಿಯುವುದಿಲ್ಲ. ಕೆಳಗೆ ಕಡ್ಲೆಕಾಯಿ ಎಣ್ಣೆಯ ತಗಡಿನ ಡಬ್ಬ. ಗೌರಿಬಿದನೂರಿನ ಗಾಣದ್ದು.

"ಟ್ರೇಗೆ ಎಣ್ಣೆ ಬಟ್ಟೆ ಹಾಕಿದಾರೆ," ಎಂದೆ. "ಮೇಸ್ತ್ರಿಗೆ ಅಭ್ಯಾಸ. ನಾನು ಆ ಕಡೆ ಇದ್ದೆ, ನೋಡ್ಲಿಲ್ಲ."

ಮೇಸ್ತ್ರಿ ನನ್ನ ಮುಖ ನೋಡಿದರು. ಬಹಳ ಹೊತ್ತೇನಲ್ಲ. ಆಮೇಲೆ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡು, "ಹೌದು ಟೀಚರಮ್ಮ. ಒರೆಸಿದ್ದು ನಾನೇ. ತಪ್ಪಾಯ್ತು," ಎಂದರು.

ಮಾತು ಬೇಕರಿಯ ಮುಂಭಾಗದ ಅಂಗಡಿಗೆ ಕೇಳಿಸಿ ಮಾಲೀಕರು ಒಳಗೆ ಬಂದರು. ಮಗುವಿನ ಕೈ ನೋಡಿದರು. ಎಲ್ಲರ ಎದುರಿಗೇ ಮೇಸ್ತ್ರಿಯನ್ನು ಉರ್ದುವಿನಲ್ಲಿ ಬೈದರು. ನನಗೆ ಅರ್ಥವಾಗಲಿ ಎಂದು ಕೊನೆಯದನ್ನು ಕನ್ನಡದಲ್ಲಿ ಹೇಳಿದರು: "ಓದಿರೋರು ಅಷ್ಟು ಜೋಪಾನವಾಗಿ ಮಾಡ್ತಾರೆ, ನೀನು ಒಂದು ಬಟ್ಟೇಲಿ ಹಾಳು ಮಾಡ್ತೀಯ. ಇವತ್ತು ಭಟ್ಟಿ ಮುಟ್ಟಬೇಡ, ಹೋಗು." ಮೇಸ್ತ್ರಿ ಹೊರಗೆ ಹೋಗಿ ಸೌದೆ ರಾಶಿಯ ಪಕ್ಕದ ಕಲ್ಲಿನ ಮೇಲೆ ಕೂತರು.

ತಾಯಿ ಮಗುವನ್ನು ಎತ್ತಿಕೊಂಡು ಹೋದ ಮೇಲೆ ನಾನು ಮೊದಲು ಮಾಡಿದ್ದು ಟ್ರೇ ತೊಳೆಯುವ ಕೆಲಸ. ಎರಡು ಟ್ರೇಗಳನ್ನು ಕುದಿಯುವ ವಾಷಿಂಗ್ ಸೋಡಾ ನೀರಿನಲ್ಲಿ ಮುಳುಗಿಸಿ, ಇಟ್ಟಿಗೆ ಪುಡಿ ಹಾಕಿ ತಿಕ್ಕಿದೆ. ಒಣಗಿಸಿ, ಬಿಸಿ ಮಾಡಿ, ಎಣ್ಣೆ ಉಳಿದಿದೆಯೇ ಎಂದು ಬಿಳಿ ಬಟ್ಟೆಯಿಂದ ಒತ್ತಿ ನೋಡಿದೆ. ಹಳದಿ. ಮತ್ತೆ ತೊಳೆದೆ. ಮತ್ತೆ ಹಳದಿ. ಮೂರನೇ ಸಲದ ಹೊತ್ತಿಗೆ ಸೋಡಾ ನೀರಿಗೆ ನನ್ನ ಬೆರಳ ತುದಿಗಳು ಸುಲಿದಿದ್ದವು. ಮೇಸ್ತ್ರಿ ಹೊರಗಿನಿಂದಲೇ ಹೇಳಿದರು.

"ಅದು ಹೋಗಲ್ಲ ಸಾರ್. ಆ ಟ್ರೇ ತಂದಾಗಿಂದ ಎಣ್ಣೆ ಕುಡ್ದೈತೆ. ಭಟ್ಟಿ ಗೋಡೆಗೂ ಹತ್ತಿರ್ತದೆ. ಈ ಜಾಗದಲ್ಲಿ ಆ ಮಗೂಗೆ ಏನು ಮಾಡಿದ್ರೂ ಆಗಲ್ಲ."

ಅವರು ಹೇಳಿದ್ದು ನಿಜ. ನಾನು ಶುಚಿ ಮಾಡಲು ಹೊರಟಿದ್ದ ಜಾಗದ ತುಂಬ ಎಣ್ಣೆಯಿತ್ತು. ಸಂಜೆಯೊಳಗೆ ಆ ತಾಯಿಯ ಮನೆಗೆ ಹೋಗಿ, ಬೇಕರಿಯಲ್ಲಿ ಮಾಡಲು ಸಾಧ್ಯವಿಲ್ಲ ಎಂದು ಹೇಳುವುದೆಂದು ತೀರ್ಮಾನಿಸಿದೆ. ಆ ಒಂದು ವಾರದಲ್ಲಿ ನಾನು ತೆಗೆದುಕೊಂಡ ಸರಿಯಾದ ತೀರ್ಮಾನ ಅದೊಂದೇ. ಅದೂ ನನ್ನದಲ್ಲ.

ಆಕೆ ಬಾಗಿಲಲ್ಲೇ ಕೇಳಿಸಿಕೊಂಡರು. ಮಗು ಒಳಗೆ ಮಲಗಿತ್ತು, ಗಂಧೆ ಇಳಿದಿತ್ತು. "ಹಂಗಾದ್ರೆ ಇಲ್ಲೇ ಮಾಡಣ," ಎಂದರು. "ನಾಲ್ಕು ವರ್ಷದಿಂದ ಈ ಮನೆಗೆ ಕಡ್ಲೆಕಾಯಿ ಬಂದಿಲ್ಲ. ಮಾಡೋದು ನಾನು ಮಾಡ್ತೀನಿ. ನೀವು ಕೆಡದೇ ಇರೋ ಹಂಗೆ ಪ್ಯಾಕ್ ಮಾಡಿಕೊಡಿ. ನಾಳೆ ಬೆಳಿಗ್ಗೆ ಬನ್ನಿ, ಬೇಕರಿಗೆ ಹೋಗದೆ ಬನ್ನಿ."

ಮರುದಿನ ಸ್ನಾನ ಮಾಡಿ ಹೋದೆ. ಆದರೆ ಅಂಗಿ ಬೇಕರಿಗೆ ಹಾಕಿಕೊಂಡು ಹೋಗುತ್ತಿದ್ದದ್ದೇ. ಆಕೆ ಮೂಸಿದವರಂತೆ ಮುಖ ಮಾಡಿ, ತಮ್ಮ ತಂದೆಯ ಒಗೆದ ಜುಬ್ಬಾ ತಂದುಕೊಟ್ಟರು. ಅದು ನನಗೆ ಮೊಣಕಾಲವರೆಗೆ ಬರುತ್ತಿತ್ತು. ಮಗು ಎದುರಿಗೆ ಬಂದು ನಿಂತು, "ಉಗುರು ತೋರಿಸಿ ಸಾರ್," ಎಂದಿತು. ತೋರಿಸಿದೆ. ಒಂದೊಂದೇ ಬೆರಳು ಹಿಡಿದು ನೋಡಿ, ಸುಲಿದ ತುದಿಗಳನ್ನು ಕಂಡು, "ಇವ್ರಿಗೂ ಏನೋ ಆಗಲ್ಲ ಅಮ್ಮೀ," ಎಂದು ಹೇಳಿತು. ಅದರ ಮಣಿಕಟ್ಟಿನಲ್ಲಿ ಇನ್ನೂ ತಿಳಿಗೆಂಪು ಗುರುತಿತ್ತು.

ಆಕೆ ಮಾಡಿದ್ದು ಟಿಕಿಯಾ. ಅವರ ಮನೆಗಳಲ್ಲಿ ಪ್ರಯಾಣಕ್ಕೆ ಮೊದಲಿನಿಂದಲೂ ಮಾಡುವ ತಿಂಡಿ. ಗೋಧಿಹಿಟ್ಟು, ರವೆ, ಸಕ್ಕರೆ ಹಾಲಿನಲ್ಲಿ ಕಲಸಿ, ಲಟ್ಟಿಸಿ, ಲೋಟದ ಬಾಯಿಯಿಂದ ಬಿಲ್ಲೆಗಳಾಗಿ ಕತ್ತರಿಸಿ ತುಪ್ಪದಲ್ಲಿ ಕರಿದದ್ದು. ಎಂಟು ದಿನ ಕೆಡುವುದಿಲ್ಲ. ನಾನು ಮೂರು ಸಲ ಸೋತು ಹುಡುಕುತ್ತಿದ್ದ ಗುಣಗಳೆಲ್ಲ ಅದರಲ್ಲಿದ್ದವು. ಕರಿದದ್ದು ಪೂರ್ತಿ ಆರುವವರೆಗೆ ಪೊಟ್ಟಣಕ್ಕೆ ಹಾಕಬಾರದು, ಒಳಗೆ ಬೆವರುತ್ತದೆ ಎಂದೆ. ಆಕೆಗೆ ಅದು ಗೊತ್ತಿತ್ತು. ನಾನು ಸೇರಿಸಿದ್ದು ಒಂದೇ ಮಾತು: ದೊಡ್ಡ ಪೊಟ್ಟಣ ಬೇಡ. ಸೀಟಿನ ಕೈ, ತಟ್ಟೆ, ಬಾಗಿಲು ಮುಟ್ಟಿದ ಬೆರಳು ಒಂದು ಸಲ ಒಳಗೆ ಹೋದರೆ ಉಳಿದದ್ದೂ ಹಾಳು. ಒಂದು ಹೊತ್ತಿಗೆ ಒಂದು ಪುಟ್ಟ ಪೊಟ್ಟಣ, ತೆರೆದ ಮೇಲೆ ಉಳಿದರೆ ಎಸೆಯಬೇಕು. ಆಕೆ ಸ್ವಲ್ಪ ಯೋಚಿಸಿ ಒಪ್ಪಿದರು. ಹಳೆಯ ದುಪಟ್ಟಾ ಒಂದನ್ನು ಒಗೆದು, ಸೀಟಿಗೆ ಹಾಸಲು ಮಡಿಸಿಟ್ಟರು.

ಹೊಸ ಪ್ಲಾಸ್ಟಿಕ್ ಕವರುಗಳನ್ನು ಅಂಗಡಿಯಿಂದ ನೇರವಾಗಿ ತಂದಿದ್ದೆ. ಕವರಿನ ಬಾಯನ್ನು ಎರಡು ಹ್ಯಾಕ್ಸಾ ಬ್ಲೇಡುಗಳ ನಡುವೆ ಹಿಡಿದು, ಹೊರಗೆ ಉಳಿದ ಅಂಚಿನ ಮೇಲೆ ಮೇಣದಬತ್ತಿಯ ಉರಿ ಓಡಿಸಿದರೆ ಸೀಲ್ ಆಗುತ್ತದೆ. ನಿಧಾನ ಮಾಡಿದರೆ ತೂತು, ಅವಸರ ಮಾಡಿದರೆ ಬಾಯಿ ಬಿಡುತ್ತದೆ. ಹದಿನಾಲ್ಕು ಪೊಟ್ಟಣ ಮಾಡಿ, ಒಂದೊಂದನ್ನೂ ನೀರಿನಲ್ಲಿ ಅದುಮಿ ಗುಳ್ಳೆ ಬರುತ್ತದೆಯೇ ನೋಡಿದೆ. ಎರಡು ತಿರಸ್ಕಾರವಾದವು. ಅವನ್ನು ಮಗು ಅಲ್ಲೇ ತಿಂದು ಮುಗಿಸಿತು.

ವಿಮಾನದ ಸಿಬ್ಬಂದಿಗೆ ತೋರಿಸಲು ಇಂಗ್ಲಿಷಿನಲ್ಲಿ ಒಂದು ಪತ್ರ ಬೇಕಿತ್ತು. ಕೆಲವು ದಿನ ಮೊದಲೇ ಬರೆದುಕೊಟ್ಟಿದ್ದೆ. "ತಾಯಿಯ ಹೇಳಿಕೆಯ ಪ್ರಕಾರ ಈ ಮಗುವಿಗೆ" ಎಂದು ಶುರುವಾಗುವ ಪತ್ರ. ಆಕೆ ಅದನ್ನು ತಂದು ನನ್ನ ಮುಂದಿಟ್ಟು, "ಇನ್ನೂ ನನ್ನ ಹೇಳಿಕೇನಾ ಸಾರ್?" ಎಂದರು. ಹರಿದು ಬೇರೆ ಬರೆದೆ. ಈ ಮಗುವಿಗೆ ಕಡಲೆಬೀಜ ಸೋಕಿದರೂ ಅಪಾಯ, ನಾನು ಕಣ್ಣಾರೆ ನೋಡಿದ್ದೇನೆ, ದಯವಿಟ್ಟು ಈ ಸಾಲಿನಲ್ಲಿ ಹಂಚಬೇಡಿ ಎಂದು ಬರೆದು ಸಹಿ ಮಾಡಿ, ಕೆಳಗೆ ಪದವಿಯನ್ನೂ ಹಾಕಿದೆ.

ಅವರು ಹೋದ ಮೂರು ವಾರಕ್ಕೆ ಆಕೆಯ ತಂದೆಯ ಮನೆಗೆ ಕಾಗದ ಬಂತು. ನನಗೂ ಓದಿ ಹೇಳಿದರು. ಬೊಂಬಾಯಿಯಿಂದ ಹೊರಟ ಮೇಲೆ ಹಿಂದಿನ ಸಾಲಿನವರು ಕಡ್ಲೆಬೀಜದ ಪೊಟ್ಟಣ ಒಡೆದದ್ದು ವಾಸನೆಗೇ ಗೊತ್ತಾಯಿತಂತೆ. ಗಗನಸಖಿ ಪತ್ರ ಓದಿ ತಾಯಿ ಮಗಳನ್ನು ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ ಕೂರಿಸಿದಳಂತೆ. ಮಗು ಐದು ಪೊಟ್ಟಣ ಟಿಕಿಯಾ ತಿಂದು ನಿದ್ದೆ ಹೋಯಿತಂತೆ. ಕೊನೆಯಲ್ಲಿ ಒಂದು ಸಾಲು: "ಮೇಸ್ತ್ರಿ ಚಾಚಾ ಮೇಲೆ ನನಗೆ ಸಿಟ್ಟಿಲ್ಲ, ಗೊತ್ತಿಲ್ಲದೆ ಆದದ್ದು ಎಂದು ಸಾರ್ ಅವರಿಗೆ ಹೇಳಲಿ."

ನಾನು ಹೋಗಿ ಹೇಳಿದೆ. ಮೇಸ್ತ್ರಿ ಹಿಟ್ಟು ನಾದುತ್ತಿದ್ದರು. ಒಂದು ಕ್ಷಣ ಕೈ ನಿಲ್ಲಿಸಿ, "ದೊಡ್ಡ ಮನಸು ಟೀಚರಮ್ಮಂದು," ಎಂದು ಮತ್ತೆ ನಾದಿದರು. ಒಳ್ಳೆಯ ಸುದ್ದಿ ಮುಟ್ಟಿಸಿದ ತೃಪ್ತಿ ನನಗಿತ್ತು. ಮಾಲೀಕರು ಆಮೇಲೆ ಮಾತುಮಾತಿಗೆ "ಬಟ್ಟೆ ಮೇಸ್ತ್ರಿ" ಎಂದು ಆಡಿಕೊಳ್ಳುತ್ತಿದ್ದರು. ಎರಡು ಮೂರು ತಿಂಗಳಾದ ಮೇಲೆ ಮೇಸ್ತ್ರಿ ಕೆಲಸ ಬಿಟ್ಟು ಚಿಂತಾಮಣಿಗೆ ಹೋದರು. ಮಗಳ ಮನೆ ಅಲ್ಲಿದೆ, ಅದಕ್ಕೆ ಹೋದರು ಎಂದು ನಾನು ನಂಬಿದೆ. ನಾನೂ ಅಲ್ಲಿ ಬಹಳ ದಿನ ನಿಲ್ಲಲಿಲ್ಲ. ಎಲ್ಲಿಯೂ ನಿಂತವನಲ್ಲ.

ಮುಂದಿನ ಆರೇಳು ವರ್ಷ ಈ ಪ್ರಸಂಗವನ್ನು ಎಷ್ಟೋ ಕಡೆ ಹೇಳಿದ್ದೇನೆ. ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳಿಗೆ ಉದಾಹರಣೆಯಾಗಿ ಹೇಳಿದೆ: ಎಲ್ಲ ಎಚ್ಚರಿಕೆಯನ್ನೂ ಒಬ್ಬ ಕೆಲಸಗಾರನ ಅಭ್ಯಾಸ ಹೇಗೆ ಹಾಳು ಮಾಡುತ್ತದೆ ನೋಡಿ ಎಂದು. ಬೆನ್ನು ತಿರುಗಿಸಿ ಸಕ್ಕರೆ ತೂಗುತ್ತಿದ್ದ ನನ್ನ ಚಿತ್ರ ಪ್ರತಿ ಸಲವೂ ಇನ್ನಷ್ಟು ಸ್ಪಷ್ಟವಾಗುತ್ತಿತ್ತು.

ದಶಕ ಮುಗಿಯುವ ಹೊತ್ತಿಗೆ ಗೌರಿಬಿದನೂರಿನಲ್ಲಿದ್ದೆ. ಯಾರೋ ರಾಗಿ ಬಿಸ್ಕತ್ತಿನ ಪ್ರಮಾಣ ಕೇಳಿದರೆಂದು ಹಳೆಯ ಟ್ರಂಕಿನಿಂದ ಆ ನೋಟ್‌ಬುಕ್ ತೆಗೆದೆ. ಮೂರನೇ ಸಲದ ಪುಟ. ತೂಕಗಳು, ಶಾಖ, ಹೊತ್ತು. ಅದರ ಕೆಳಗೆ ನನ್ನ ಅಕ್ಷರದಲ್ಲಿ:

"ಟ್ರೇ: ಎಂದಿನ ಎಣ್ಣೆ ಬಟ್ಟೆ. ಒರೆಸಲೋ ಬೇಡವೋ ಎಂದು ಮೇಸ್ತ್ರಿ ಕೇಳಿದರು. ಎಣ್ಣೆಯಲ್ಲಿ ಪ್ರೋಟೀನ್ ಇರುವುದಿಲ್ಲ, ಒರೆಸಿ ಎಂದೆ. ತಾಯಿಗೆ ತಿಳಿಸಿಲ್ಲ. ತಿಳಿಯದೆ ತಿಂದರೆ ಗಂಧೆ ಬರುತ್ತದೋ ಇಲ್ಲವೋ, ಮಸ್ಕತ್‌ನಿಂದ ಕಾಗದ ಬಂದಾಗ ಗೊತ್ತಾಗುತ್ತದೆ."

ಮೊದಲು ನಾನು ಆ ಬರಹದ ಮೇಲೇ ಅನುಮಾನಪಟ್ಟೆ. ಬೇರೆ ದಿನ ಬರೆದದ್ದಿರಬಹುದೇ? ಶಾಯಿ ಒಂದೇ. ತೂಕದ ಸಾಲಿನ ಮುಂದುವರಿಕೆಯಾಗಿಯೇ ಇದೆ. ಸಂದೇಹ ಪಡುವುದನ್ನೇ ವೃತ್ತಿ ಮಾಡಿಕೊಂಡವನಿಗೆ ಆ ಪುಟದಲ್ಲಿ ಸಂದೇಹಕ್ಕೆ ಜಾಗ ಸಿಗಲಿಲ್ಲ. ಮೈಗಾಗದಿರುವುದು ಪ್ರೋಟೀನ್, ಎಣ್ಣೆಯಲ್ಲಿ ಅದಿಲ್ಲ ಎಂದು ಪುಸ್ತಕ ಹೇಳಿದ್ದು ಕಾರ್ಖಾನೆಯಲ್ಲಿ ಸೋಸಿ ಶುದ್ಧ ಮಾಡಿದ ಎಣ್ಣೆಯ ಮಾತು. ಗಾಣದ ಎಣ್ಣೆಯಲ್ಲಿ ಬೀಜದ ಹಿಂಡಿಯ ಪುಡಿ, ಅದರ ಜೊತೆ ಪ್ರೋಟೀನೂ ಇರುತ್ತದೆ, ಡಬ್ಬದ ತಳದಲ್ಲಿ ಗಸಿ ನಿಲ್ಲುತ್ತದೆ. ಅದು ನನಗೆ ಗೊತ್ತಿಲ್ಲದ್ದಲ್ಲ. ಚಿಕ್ಕವನಿದ್ದಾಗ ಆ ಗಸಿಯನ್ನು ಬೆರಳಿನಿಂದ ಬಳಿದು ರೊಟ್ಟಿಗೆ ಸವರಿಕೊಂಡು ತಿಂದವನು ನಾನು. ಮತ್ತು ನಾನು ನೋಡಬೇಕೆಂದಿದ್ದ ಫಲಿತಾಂಶ ಬರಬೇಕಾಗಿದ್ದದ್ದು ಡಾಕ್ಟರಿಲ್ಲದ ಆಕಾಶದಲ್ಲಿ. ಆ ತಾಯಿ ತಳ ಕೆರೆಯದಿದ್ದರೆ ಮಸ್ಕತ್‌ನಿಂದ ಬರುತ್ತಿದ್ದ ಕಾಗದ ಯಾವುದು ಎಂಬುದನ್ನು ಅವತ್ತು ಮೊದಲ ಸಲ ಯೋಚಿಸಿದೆ.

ಮರುದಿನವೇ ಬಸ್ಸು ಹತ್ತಿ ಚಿಂತಾಮಣಿಗೆ ಹೋದೆ. ನಾಲ್ಕು ಬೇಕರಿ ವಿಚಾರಿಸಿದ ಮೇಲೆ ಮೇಸ್ತ್ರಿ ಸಿಕ್ಕರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. "ಅರೆ, ಎಮ್ಮೆಸ್ಸಿ ಸಾರ್," ಎಂದು ಸ್ಟೂಲು ಎಳೆದು ಕೂರಿಸಿ ಟೀ ತರಿಸಿದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾನು ಆ ಪುಟವನ್ನು ಓದಿದೆ. ಒಂದು ಸಾಲನ್ನೂ ಬಿಡಲಿಲ್ಲ. 

ಅವರು ಟೀ ಲೋಟ ಕೆಳಗಿಟ್ಟರು.

"ಇದು ನಂಗೆ ಗೊತ್ತಿರೋದೇ ಅಲ್ವಾ ಸಾರ್. ನಾನು ಅಲ್ಲೇ ಇದ್ನಲ್ಲ."

"ನಾನು ಮರೆತಿದ್ದೆ ಮೇಸ್ತ್ರಿ. ನಿಜವಾಗ್ಲೂ ಮರೆತಿದ್ದೆ."

"ಮರ್ತಿದ್ರಾ?" ಅವರು ನನ್ನನ್ನು ಬಹಳ ಹೊತ್ತು ನೋಡಿದರು. "ನಾನು ಇಷ್ಟು ವರ್ಷ ಏನಂದ್ಕೊಂಡಿದ್ದೆ ಗೊತ್ತಾ? ಸಾರ್‌ಗೆ ಭಯ ಆಯ್ತು, ಸುಳ್ಳು ಹೇಳಿದ್ರು, ಒಳಗೊಳಗೇ ಸಂಕಟ ಪಡ್ತಿರ್ತಾರೆ, ಪಾಪ ಅಂತ. ನೀವು ಆರಾಮಾಗಿದ್ರಾ ಹಂಗಾದ್ರೆ."

ನಾನು ನೋಟ್‌ಬುಕ್ ಮುಚ್ಚಿದೆ.

"ಅವತ್ತು ಯಾಕೆ ಹೇಳ್ಲಿಲ್ಲ ನೀವು?" ಎಂದು ಕೇಳಿದೆ.

"ಏನಂತ ಹೇಳ್ಲಿ? ಓದಿರೋರು ಹೇಳಿದ್ರು ಅಂತಾನಾ? ನಂಗೂ ಗೊತ್ತಿತ್ತಲ್ಲ ಸಾರ್, ಆ ಎಣ್ಣೆ ಎಂಥದು ಅಂತ. ಗೊತ್ತಿದ್ದೂ ಒರೆಸಿದೆ. ಕೈ ನಂದೇ." ಎದ್ದು ಒಳಗೆ ಕರೆದರು. ಭಟ್ಟಿಗೆ ದೂರದ ಗೋಡೆಯಲ್ಲಿ, ಎತ್ತರದ ಮೊಳೆಗಳಿಗೆ, ಬಿಳಿ ಬಟ್ಟೆಯಲ್ಲಿ ಸುತ್ತಿದ ಎರಡು ಟ್ರೇಗಳು ನೇತಾಡುತ್ತಿದ್ದವು. "ಇವಕ್ಕೆ ಎಣ್ಣೆ ತೋರಿಸಿಲ್ಲ. ತುಪ್ಪ ಅಷ್ಟೇ. ಬೇಯಿಸೋದೂ ಭಟ್ಟೀಲಿ ಅಲ್ಲ, ಬೇರೆ ಇದ್ದಿಲ ಒಲೆ ಐತೆ. ಅಂಥಾ ಮಗು ಇನ್ನೊಂದು ಬಂದ್ರೆ ಇರ್ಲಿ ಅಂತ."

"ಯಾರಾದ್ರೂ ಬಂದಿದ್ರಾ?"

"ಒಂದು ಹುಡುಗಿ. ಕೈವಾರದ ಕಡೆಯಿಂದ. ವರ್ಷಕ್ಕೆ ಎರಡು ಸಲ ಬರ್ತಾರೆ." ಬಟ್ಟೆಯ ತುದಿ ಸರಿಪಡಿಸುತ್ತ, ನನ್ನ ಕಡೆ ನೋಡದೆ ಕೇಳಿದರು: "ಟೀಚರಮ್ಮಂಗೆ ಹೇಳಿದ್ರಾ?"

ಇಲ್ಲ ಎಂದೆ.

"ಇಷ್ಟು ದೂರ ನಂಗೆ ಹೇಳೋಕೆ ಬಂದಿದೀರಿ. ನಂಗೆ ಗೊತ್ತಿರೋದನ್ನ."

ವಾಪಸಾಗುವ ದಾರಿಯಲ್ಲಿ ಶಿಡ್ಲಘಟ್ಟದಲ್ಲಿ ಇಳಿದು ಆಕೆಯ ತಂದೆಯ ಮನೆಯಿಂದ ವಿಳಾಸ ತೆಗೆದುಕೊಂಡೆ. ಆ ಮನೆಯ ಜಗಲಿಯಲ್ಲಿ, ಅವರು ಕೊಟ್ಟ ಕಾಗದದ ಮೇಲೆ ಬರೆದೆ. ಶುರು ಮಾಡಿದ ಮೂರು ಪತ್ರಗಳಲ್ಲಿ "ಆಗಿನ ನನ್ನ ತಿಳಿವಳಿಕೆಯ ಪ್ರಕಾರ" ಎಂಬ ಮಾತು ಹೇಗೋ ನುಸುಳಿತು. ಮೂರನ್ನೂ ಹರಿದೆ. ನಾಲ್ಕನೆಯದು ಎರಡೇ ವಾಕ್ಯ. ಟ್ರೇ ಒರೆಸಿದ್ದು ಮೇಸ್ತ್ರಿ. ಒರೆಸಿ ಎಂದು ಹೇಳಿದ್ದು, ನಿಮಗೆ ತಿಳಿಸದೆ ನಿಮ್ಮ ಮಗುವಿನ ಮೇಲೆ ಪರೀಕ್ಷೆ ಮಾಡಿ ನೋಡಲು ಹೊರಟದ್ದು ನಾನು.

ಅದರ ಜೊತೆ ನೋಟ್‌ಬುಕ್ಕಿನ ಆ ಪುಟವನ್ನು ಹರಿದು ಇಟ್ಟೆ. ಅಂಚೆಗೆ ಹಾಕುವ ಮೊದಲು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಪುಟದ ಒಂದು ಝೆರಾಕ್ಸ್ ಪ್ರತಿ ಮಾಡಿಸಿಕೊಂಡೆ. ಅದು ಈಗಲೂ ನನ್ನ ಮೇಜಿನ ಗಾಜಿನ ಕೆಳಗಿದೆ. ಅದನ್ನು ತೆಗೆದಿಟ್ಟರೆ, ಕೆಲವು ವರ್ಷಗಳಲ್ಲಿ ನಾನು ಮತ್ತೆ ತಕ್ಕಡಿಯ ಮುಂದೆ ಬೆನ್ನು ತಿರುಗಿಸಿ ನಿಂತು ಸಕ್ಕರೆ ತೂಗುತ್ತಿರುತ್ತೇನೆ.